ಸೇಡಂನಿಂದ ದುಬೈಗೆ ಎಷ್ಟು ತಾಸು?

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. ನಾನೂ ಹಿಂಗೇ ಲೆಕ್ಕ ಹಾಕಿದವನು. ಹೈದರಾಬಾದ್‌ನಲ್ಲಿ ಬೆಳಗ್ಗೆ 10ಕ್ಕೆ ಹತ್ತಿದರೆ ದುಬೈಗೆ 12.30ಕ್ಕೆ ಮುಟ್ಟುತ್ತೆ ಅಂತ ಟಿಕೆಟ್‌ನಲ್ಲಿದೆ, ಬರೀ ಎರಡೂವರೆ ತಾಸಿನ ದಾರಿ, ಸೇಡಂನಲ್ಲಿ ಅವ್ವನಿಗೆ ಹುಷಾರಿಲ್ಲ ಅಂದರೆ ಅರ್ಧ ದಿನದಲ್ಲಿ ಬಂದುಬಿಡಬಹುದು ಅಲ್ವಾ ಅಣ್ಣ, ಅಂತ ಕೇಳಿದ್ದೀಯ.

ಎರಡೂವರೆ ಅಲ್ಲ, ನಾಲ್ಕು ತಾಸು. ಹತ್ತುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ದುಬೈದು. ಇಲ್ಲಿ ದುಬೈನಲ್ಲಿ ಗಡಿಯಾರ ಊರಿಗಿಂತ ಒಂದೂವರೆ ತಾಸು ಹಿಂದೆ. ದೂರ ಸುಮಾರು 2,550 ಕಿ.ಮೀ. ವಾಪಸ್ ಬರುವಾಗ ಮೂರೂವರೆ ತಾಸು ಸಾಕು. ಮೇಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಊರ ಕಡೆ ಹೊರಟ ವಿಮಾನವನ್ನು ಹಿಂದಿನಿಂದ ತಳ್ಳುತ್ತೆ. ಚಳಿಗಾಲದಲ್ಲಿ ಇನ್ನೂ ಜೋರು.

ಮೊದಲ ಸಲ ರಜೆಗೆ ಬಂದಾಗ ನನ್ನ ವಿಮಾನ ರಾತ್ರಿ 11.30ಕ್ಕಿತ್ತು. ಮೂರೂವರೆ ತಾಸು ಕೂಡಿಸಿ, 3ಕ್ಕೆ ಇಳೀತೀನಿ ಅಂತ ಮಾವನ ಮಗನಿಗೆ ಹೇಳಿದ್ದೆ. ಆ ಒಂದೂವರೆ ತಾಸು ಮರೆತೇಬಿಟ್ಟಿದ್ದೆ. ಇಳಿದಾಗ ನಾಲ್ಕೂವರೆ. ಪಾಪ, ಕಲಬುರಗಿಯಿಂದ ರಾತ್ರಿಯೆಲ್ಲಾ ಗಾಡಿ ಓಡಿಸಿಕೊಂಡು ಬಂದವನು ಬಾಗಿಲ ಎದುರು ಟ್ರಾಲಿ ಮೇಲೇ ತಲೆ ಇಟ್ಟು ಮಲಗಿದ್ದ. ಎಬ್ಬಿಸಿದರೆ ಮೊದಲ ಮಾತೇ ಬೈಗುಳ!

ಈಗ ನಿನ್ನ ಅರ್ಧ ದಿನದ ಮಾತು. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲೇ ವಿಮಾನ ನಿಲ್ದಾಣ ಶುರುವಾಯಿತು, ಆದರೆ ದುಬೈಗೆ ನೇರ ವಿಮಾನ ಇಲ್ಲ. ನಮಗೆ ಶಂಶಾಬಾದಿನ ಹೈದರಾಬಾದ್ ಏರ್‌ಪೋರ್ಟೇ ಗತಿ. ನಿನಗೆ ನನಗಿಂತ ಅನುಕೂಲ, ಕೊಡಂಗಲ್, ಪರಿಗಿ, ಚೇವೆಳ್ಳ ದಾಟಿ ಹೋಗುವ ದಾರಿ ನಿಮ್ಮೂರ ಮೇಲೇ ಹಾದುಹೋಗುತ್ತೆ. ಆದರೂ ಚಹಾಕ್ಕೆ ನಿಲ್ಲಿಸುವುದೂ ಸೇರಿ ನಾಲ್ಕು ತಾಸು ಹಿಡಿ. ವಿಮಾನಕ್ಕೆ ಮೂರು ತಾಸು ಮುಂಚೆ ಹೋಗಿ ಕೂರಬೇಕು. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಬ್ಯಾಗು ಅಂತ ಒಂದು ತಾಸು. ರೂಮಿನಿಂದ ಏರ್‌ಪೋರ್ಟಿಗೆ ಮತ್ತೊಂದು. ಎಲ್ಲಾ ಕೂಡಿಸಿದರೆ ಹನ್ನೆರಡು, ಹದಿಮೂರು ತಾಸು. ಅದೂ ಟಿಕೆಟ್ ಕೈಯಲ್ಲಿದ್ದರೆ. ನಮ್ಮಪ್ಪನ ಸುದ್ದಿ ಸಂಜೆ ಬಂತು, ಆ ರಾತ್ರಿಯ ವಿಮಾನಗಳಲ್ಲಿ ಸೀಟು ಸಿಗಲಿಲ್ಲ. ಮನೆ ಮುಟ್ಟಿದ್ದು ಮೂರನೇ ದಿನ ಬೆಳಗ್ಗೆ. ಅದಕ್ಕೇ ಅವ್ವನಿಗೆ ಅರ್ಧ ದಿನ ಅಂತ ಮಾತು ಕೊಡಬೇಡ.

ಮೊದಲ ಸಂಬಳದಿಂದಲೇ ಒಂದು ಟಿಕೆಟ್ ದುಡ್ಡು ಬೇರೆ ತೆಗೆದಿಡು, ಮುಟ್ಟಬೇಡ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ. ಕಂಪನಿಯವರು ಅದನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ.

ಇನ್ನು ಬ್ಯಾಗ್. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಬೇಕೋ ತಾ, ನನಗೂ ಸೇರಿಸಿ. ಆದರೆ ಗಸಗಸೆ ಒಂದು ಚಿಟಿಕೆಯೂ ಬೇಡ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲೂ ಆಗಬಹುದು. ಅವ್ವ ಮಸಾಲೆ ಪುಡಿ ಕಟ್ಟಿಕೊಟ್ಟರೆ ಏನೇನು ಹಾಕಿದ್ದಾಳೆ ಅಂತ ಕೇಳಿಯೇ ಬ್ಯಾಗಿಗೆ ಹಾಕು.