ಊರ ವಾಲಿಬಾಲ್ ಸಂಘ ಉಳಿಯಬೇಕಾದರೆ

ಪ್ರಶ್ನೆ: ನಮ್ಮೂರ ಹುಡುಗರು ವಾಲಿಬಾಲ್ ಶುರು ಮಾಡುತ್ತಾರೆ, ಮಳೆ ಬಂದರೆ ಬಿಡುತ್ತಾರೆ. ಹೊಸಬರೂ ನಾಲ್ಕು ದಿನ ಬಂದು ಆಮೇಲೆ ಬರೋದೇ ಬಿಡುತ್ತಾರೆ. ಸಂಘ ಉಳಿಸೋದು ಹೇಗೆ?
— ಓದುಗರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಮಳೆಗೆ ಆಟ ನಿಲ್ಲುವುದು ಎರೆಮಣ್ಣಿನಿಂದ. ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕಿನಲ್ಲಿ ಪಾದ ಉಳುಕುತ್ತದೆ. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಲೂ 3 ಮೀಟರ್ ಸೇರಿಸಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ನೀರು ಹೊಡೆದು ರೋಲರ್ ಎಳೆಯಿರಿ. ಅಂಚಿಗೆ ತುಸು ಇಳಿಜಾರು ಇರಲಿ. ನೆಟ್ ಎತ್ತರ ಗಂಡಸರಿಗೆ 2.43, ಹೆಂಗಸರಿಗೆ 2.24 ಮೀಟರ್. ನಡುಮಧ್ಯೆಯೇ ಅಳೆಯಿರಿ, ಕಂಬದ ಹತ್ತಿರ ಅಳೆದರೆ ಹಗ್ಗ ಜೋತು ನಡುವೆ ತಗ್ಗಿರುತ್ತದೆ.

ಹೊಸಬರ ವಿಷಯ ಇದಕ್ಕಿಂತ ಮುಖ್ಯ. ಚೆನ್ನಾಗಿ ಆಡುವ ಹನ್ನೆರಡು ಮಂದಿಯೇ ದಿನವೂ ಒಳಗೆ, ಉಳಿದವರು ಗೆರೆಯಾಚೆ ಚೆಂಡು ಹೆಕ್ಕುತ್ತಾ ನಿಂತರೆ ಯಾರು ತಾನೇ ಬಂದಾರು? 18 ಮಂದಿ ಇದ್ದರೆ ಮೂರು ತಂಡ ಮಾಡಿ, 15 ಪಾಯಿಂಟಿನ ಆಟ ಇಡಿ. ಸೋತವರು ಹೊರಗೆ, ಕಾದವರು ಒಳಗೆ. ತಂಡಗಳನ್ನು ದಿನಾ ಬದಲಿಸಿ, ಪ್ರತಿ ತಂಡದಲ್ಲೂ ಪಳಗಿದವರು ಇಬ್ಬರಿರಲಿ. ಹೊಸಬರ ಸರ್ವ್ ನೆಟ್ ದಾಟದಿದ್ದರೆ ಗೆರೆಯೊಳಗಿಂದ ಹೊಡೆಯಲು ಬಿಟ್ಟು, ವಾರಕ್ಕೊಂದು ಹೆಜ್ಜೆ ಹಿಂದೆ ಸರಿಸಿ. ತಪ್ಪಿದಾಗ ನಗುವವರನ್ನು ಹಿರಿಯರು ಅಲ್ಲಿಯೇ ತಡೆಯಬೇಕು.

ಸಂಘವನ್ನು ನೋಂದಾಯಿಸುವುದಾದರೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ, ಏಳು ಸದಸ್ಯರು ಸಾಕು.