ಡ್ರಿಫ್ಟ್ ಡೈವ್‌ನಲ್ಲಿ ಸೆಳೆತ ಜಾಸ್ತಿಯಾದರೆ ಏನು ಮಾಡಬೇಕು?

ಡ್ರಿಫ್ಟ್ ಡೈವ್ ಅಂದರೆ ನೀರಿನ ಸೆಳೆತದ ಜೊತೆ ತೇಲಿಕೊಂಡು ಹೋಗುವ ಸ್ಕೂಬಾ ಡೈವ್. ಮೊದಲನೆಯದಾಗಿ, ಸೆಳೆತಕ್ಕೆ ಎದುರಾಗಿ ಈಜಬೇಡಿ. 1 ನಾಟ್ ಅಂದರೆ ಗಂಟೆಗೆ 1.85 ಕಿ.ಮೀ., ಕೇಳೋಕೆ ಕಡಿಮೆ ಅನಿಸುತ್ತದೆ ಅಲ್ವಾ, ಆದರೆ ಪೂರ್ತಿ ಗೇರ್ ಹಾಕಿಕೊಂಡು ಅದರೆದುರು ಕೆಲವೇ ನಿಮಿಷ ಈಜಿದರೂ ಏದುಸಿರು ಬಂದು ಟ್ಯಾಂಕಿನ ಗಾಳಿ ಸರಸರನೆ ಖಾಲಿಯಾಗುತ್ತದೆ. ಸುಮ್ನೆ ನೀರಿನ ಜೊತೆ ಹೋಗಿ, ದೋಣಿ ಹಿಂದೆ ಬರುತ್ತದೆ. ನಿಲ್ಲಲೇಬೇಕಾದರೆ ಬಂಡೆಯ ಮರೆ ಸೇರಿ. ತಳದ ಹತ್ತಿರ ನೀರಿನ ಓಟ ಕಡಿಮೆ. ಪೆಸಿಫಿಕ್‌ನ ದ್ವೀಪ ದೇಶ ಪಲಾವ್‌ನ ಬ್ಲೂ ಕಾರ್ನರ್ ಎಂಬ ಡೈವ್ ತಾಣದಲ್ಲಿ ರೀಫ್ ಹುಕ್, ಅಂದರೆ ಹಗ್ಗ ಕಟ್ಟಿದ ಕೊಕ್ಕೆ, ಬಂಡೆಗೆ ಸಿಕ್ಕಿಸಿಕೊಂಡು ಗಾಳಿಪಟದ ಹಾಗೆ ತೇಲುತ್ತಾ ಶಾರ್ಕ್ ನೋಡುತ್ತಾರೆ. ಜೀವಂತ ಹವಳಕ್ಕೆ ಮಾತ್ರ ದಯವಿಟ್ಟು ಕೊಕ್ಕೆ ಹಾಕಬೇಡಿ.

ನಿಜಕ್ಕೂ ಹೆದರಬೇಕಾದ್ದು ಕೆಳಕ್ಕೆ ಎಳೆಯುವ ಸೆಳೆತಕ್ಕೆ. ನೀವು ಬಿಟ್ಟ ಗುಳ್ಳೆಗಳು ಮೇಲೆ ಹೋಗದೆ ಮುಖದ ಸುತ್ತಲೇ ಸುತ್ತಿ ಕೆಳಗಿಳಿಯುತ್ತಿದ್ದರೆ ಅದೇ ಗುರುತು. ಆಗ ನೇರ ಮೇಲಕ್ಕೆ ಒದ್ದಾಡದೆ ಹವಳದ ಗೋಡೆಯಿಂದ ದೂರಕ್ಕೆ ಅಡ್ಡಲಾಗಿ ಈಜಿ. ಬಿಸಿಡಿಗೆ, ಅಂದರೆ ತೇಲೋಕೆ ಗಾಳಿ ತುಂಬುವ ಜಾಕೆಟ್ಟಿಗೆ, ಗಾಳಿ ತುಂಬಿದ್ದರೆ ಸೆಳೆತ ಬಿಟ್ಟ ಕೂಡಲೇ ಹೊರಬಿಡಿ, ಇಲ್ಲದಿದ್ದರೆ ಮೇಲಕ್ಕೆ ಚಿಮ್ಮಿಬಿಡುತ್ತೀರಿ.

ಮೇಲಕ್ಕೆ ಬರುವಾಗ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಮೊದಲೇ ಎಸ್‌ಎಂಬಿ, ಅಂದರೆ ಆ ಉದ್ದನೆಯ ಕಿತ್ತಳೆ ಬಲೂನು, ಮೇಲಕ್ಕೆ ಬಿಡಿ. ಅಲೆಗಳ ನಡುವೆ ಬರೀ ತಲೆ ದೋಣಿಯವರಿಗೆ ಕಾಣುವುದು ತುಂಬಾ ಕಷ್ಟ.