ಮಲೆನಾಡಲ್ಲಿ ಮರದ ಡ್ರಾಯರ್ ಕೂರಿಸೋವಾಗ ಎಷ್ಟು ಸಂದು ಬಿಡಬೇಕು?

ನೀವು ಕೇಳಿರೋದು, ಕ್ಲಾಸಲ್ಲಿ ಸಾಗುವಾನಿ ಡ್ರಾಯರ್ ಮಾಡ್ತಿದೀರ, ಮನೆ ತೀರ್ಥಹಳ್ಳಿ ಕಡೆ, ಟೈಟಾಗಿ ಕೂರಿಸಬೇಕಾ ಇಲ್ಲಾ ಸಂದು ಬಿಡಬೇಕಾ ಅಂತ. ಅಕ್ಕಪಕ್ಕ ಟೈಟಾಗಿರ್ಲಿ, ಮೇಲುಗಡೆ ಸಂದು ಬಿಡಿ. ನಾನೂ ಶಿವಮೊಗ್ಗದಲ್ಲಿ ಒಬ್ಬ ಆಚಾರ್ರ ಹತ್ರ ವಾರದ ಕೊನೆ ಕ್ಲಾಸಲ್ಲಿ ಇದನ್ನ ಕಲ್ತೋನು, ಅವ್ರು ಉಳಿ ಹಿಡಿಸೋಕೆ ಮೊದ್ಲೇ ಹೇಳ್ಕೊಟ್ಟಿದ್ದು ಇದೇ.

ಮರ ತೇವ ಕುಡಿದಾಗ ಎಳೆಗೆ (ಅಂದ್ರೆ ಮರದ ನಾರು ಓಡೋ ದಿಕ್ಕಿಗೆ) ಅಡ್ಡಕ್ಕೆ ಉಬ್ಬುತ್ತೆ, ಎಳೆ ಉದ್ದಕ್ಕೆ ಉಬ್ಬೋದು ಲೆಕ್ಕಕ್ಕೇ ಬರಲ್ಲ. ಡ್ರಾಯರಿನ ಮುಂದಿನ ಹಲಗೆ ಎಡದಿಂದ ಬಲಕ್ಕೆ ಎಳೆ ಇರೋದು, ಹಾಗಾಗಿ ಅಗಲ ಜಾಸ್ತಿ ಆಗಲ್ಲ, ಸೈಡ್ ಹಲಗೇದು ಎಳೆ ಮುಂದಿನಿಂದ ಹಿಂದಕ್ಕೆ, ಸೋ ಆಳನೂ ಹಾಗೇ ಇರುತ್ತೆ, ಬದಲಾಗೋದು ಎತ್ತರ ಒಂದೇ. ಆದ್ರೆ ಮೇಜಿನ ಪಕ್ಕದ ಹಲಗೆಗಳಲ್ಲಿ ಎಳೆ ನೆಟ್ಟಗೆ ಮೇಲಕ್ಕಿರುತ್ತಲ್ಲ, ಅದ್ರ ಖಾನೆ ಎತ್ತರ ಬೆಳೆಯಲ್ಲ. ಒಳಗಿರೋದು ಬೆಳೆಯುತ್ತೆ, ಹೊರಗಿರೋದು ಬೆಳೆಯಲ್ಲ, ಆಷಾಢದಲ್ಲಿ ಸಿಕ್ಕಾಕ್ಕೊಳ್ಳೋದು ಇದಕ್ಕೇ ಮಾರಾಯ್ರೆ.

ಸಾಗುವಾನಿ ಬೇರೆ ಮರಕ್ಕಿಂತ ಕಮ್ಮಿನೇ ಆಡೋದು. ಆದ್ರೂ ಆರಿಂಚು ಎತ್ತರದ ಹಲಗೆಲಿ ಮರದೊಳಗಿನ ತೇವ 5 ಪರ್ಸೆಂಟ್ ಏರಿದ್ರೆ ಸುಮಾರು ಒಂದೂವರೆ ಮಿಲಿಮೀಟರ್ ಉಬ್ಬುತ್ತೆ, ಅದೂ ಚಪ್ಪಟೆ ಸೀಳಿದ ಹಲಗೆ ಆದ್ರೆ. ಹಲಗೆ ತುದಿ ನೋಡಿ, ಮರ ಬೆಳೆದ ವರ್ಷದ ಬಳೆಗಳು ನಿಂತ ಹಾಗೆ ಇದ್ರೆ ಅದ್ರ ಅರ್ಧದಷ್ಟು ಮಾತ್ರ, ಸಿಕ್ರೆ ಅಂಥದ್ದನ್ನೇ ಡ್ರಾಯರ್ ಸೈಡಿಗೆ ಆರಿಸ್ಕೊಳ್ಳಿ. ಫೆಬ್ರವರಿ ಮಾರ್ಚಲ್ಲಿ ಕೂರಿಸ್ತಿದ್ರೆ ಆರಿಂಚಿಗೆ ಮೇಲ್ಗಡೆ 2 ಮಿಲಿಮೀಟರ್ ಬಿಡಿ, ನೋಡೋಕೆ ಸ್ವಲ್ಪ ದೊಡ್ಡ ಸಂದು ಅನ್ಸುತ್ತೆ, ಅನ್ಸ್ಲಿ. ಆಗಸ್ಟಲ್ಲಿ ಮಾಡ್ತಿದ್ರೆ ಮರ ಆಗ್ಲೇ ಉಬ್ಬಿರುತ್ತೆ, ಅರ್ಧ ಮಿಲಿಮೀಟರ್ ಸಾಕು. ಯೂಟ್ಯೂಬಲ್ಲಿ ತೋರಿಸೋ ಕೂದಲೆಳೆ ಸಂದು ಒಣ ಊರಿನೋರ ಲೆಕ್ಕ, ಆಗುಂಬೆ ಮಳೆ ಬೀಳೋ ಸೀಮೆಗೆ ಅದು ಆಗಲ್ಲ.

ಕೂರಿಸೋ ಕ್ರಮ ಅಂದ್ರೆ, ಡ್ರಾಯರ್ ಪೂರ್ತಿ ಕಟ್ಟಿ ಆಮೇಲೆ ತುರುಕಿ ನೋಡೋದಲ್ಲ. ಮೊದ್ಲು ಬರೀ ಮುಂದಿನ ಹಲಗೇನ ಖಾನೆಗೆ ಹಿಡಿದು ಅಗಲ ಸರಿಯಾಗಿ ಕೂರೋ ತನಕ ಹತ್ತರಿ (ಮರ ತೆಳ್ಳಗೆ ಕೆರೆಯೋ ಉಪಕರಣ) ಹೊಡಿರಿ, ಆಮೇಲೆ ಒಂದೊಂದೇ ಸೈಡ್ ಹಲಗೆ ಒಳಗೆ ಜಾರುತ್ತಾ ನೋಡಿ, ಅದಾದ್ಮೇಲೇ ಡವ್‌ಟೇಲ್ (ಮೂಲೇಲಿ ಹಕ್ಕಿ ಬಾಲದ ಆಕಾರಕ್ಕೆ ಕೊರೆದು ಹಲಗೆ ಜೋಡಿಸೋದು) ಗುರುತು ಹಾಕೋದು. ಡವ್‌ಟೇಲಿನ ಬಾಲ ಸೈಡ್ ಹಲಗೇಲಿ ಇರ್ಬೇಕು, ಆಗ ಎಷ್ಟು ಎಳೆದ್ರೂ ಮುಂಭಾಗ ಕಿತ್ತು ಬರಲ್ಲ. ಖಾನೆ ಮೂಲೆಯಿಂದ ಮೂಲೆಗೂ ಅಳೀರಿ, ಮತ್ತೆ ಹಿಂದ್ಗಡೆ ಅಗಲ ಮುಂದಿಗಿಂತ ಕೂದಲಷ್ಟು ಜಾಸ್ತಿ ಇದ್ರೆ ಒಳ್ಳೇದು, ಕಮ್ಮಿ ಇದ್ರೆ ಮಾತ್ರ ಡ್ರಾಯರ್ ಅರ್ಧಕ್ಕೆ ಹೋಗಿ ನಿಂತ್ಬಿಡುತ್ತೆ.

ತಳಕ್ಕೆ 6 ಮಿಲಿಮೀಟರ್ ಪ್ಲೈವುಡ್ ಹಾಕಿದ್ರೆ ಫೆವಿಕಾಲ್ ಹಾಕಿ ಅಂಟಿಸಬೋದು. ಮರದ್ದೇ ಹಾಕ್ತೀರಾದ್ರೆ ಅಂಟಿಸ್ಲೇಬೇಡಿ. ಎಳೆ ಎಡದಿಂದ ಬಲಕ್ಕೆ ಬರೋ ಹಾಗೆ ಇಟ್ಟು, ಹಿಂದಿನ ಹಲಗೇನ ತಳ ಕೂರೋ ಗ್ರೂವಿನ (ಸೈಡ್ ಹಲಗೇಲಿ ಕೊರೆದ ಕಾಲುವೆ) ಮೇಲಕ್ಕೇ ನಿಲ್ಲಿಸಿ ತಳಾನ ಹಿಂದಿನಿಂದ ತಳ್ಳಿ, ಹಿಂದೆ ಒಂದೇ ಒಂದು ಸ್ಕ್ರೂ, ಅದ್ರ ತೂತು ಸ್ವಲ್ಪ ಉದ್ದ ಇರ್ಲಿ. ಉಬ್ಬಿದ್ರೆ ಹಿಂದಕ್ಕೆ ಹೋಗುತ್ತೆ, ಸೈಡ್ ಸೀಳಲ್ಲ.

ಪಾಲಿಶ್ ಹೊಡೆದ್ರೆ ತೇವ ಒಳಗೆ ಹೋಗಲ್ಲ ಅಂತಾರೆ, ಹೋಗೋದು ನಿಧಾನ ಆಗುತ್ತೆ ಅಷ್ಟೆ. ಜಾರೋ ಜಾಗಕ್ಕೆ ಮೇಣದ ಬತ್ತಿ ಉಜ್ಜಿ, ಎಣ್ಣೆ ಬೇಡ.

ಇಷ್ಟೆಲ್ಲಾ ಮಾಡಿನೂ ಜುಲೈಲಿ ಬಿಗಿ ಆದ್ರೆ ಕೂಡ್ಲೇ ಹತ್ತರಿ ತಗೋಬೇಡಿ, ಆಗ ಕೆತ್ತಿದ್ದು ಬೇಸಿಗೇಲಿ ಗಡಗಡ ಅನ್ನುತ್ತೆ. ಎಲ್ಲಿ ತಾಗುತ್ತೋ ಅಲ್ಲಿ ಪೆನ್ಸಿಲ್ ಗೀಟು ಹಾಕಿಟ್ಟು ಮೊದ್ಲು ಮೇಣ ಹಚ್ಚಿ ನೋಡಿ, ಆಗ್ಲೂ ತೆಗೆಯೋಕೇ ಬರ್ಲಿಲ್ಲ ಅಂದ್ರೆ ಆ ಗೀಟಿನ ಹತ್ರ ಮಾತ್ರ ತೆಳ್ಳಗೆ ಒಂದೆರಡು ಸಲ ಹೊಡಿರಿ.